ರಿವರ್ಸ್ ಲೈಟಿನ ಹಿಂದೊಂದು ಶತಮಾನದ ಹುಡುಕಾಟ

ಸೊರಬ ತಾಲ್ಲೂಕಿನ ಕುಬಟೂರನ್ನು ಹೊರಗಿನವರು ಬಲ್ಲದ್ದು ಕೈಟಭೇಶ್ವರ ದೇವಸ್ಥಾನದಿಂದ. ಒಂಬೈನೂರು ವರ್ಷದಷ್ಟು ಹಳೆಯದಾದ ಆ ಗುಡಿಯ ನುಣುಪು ಕಂಬಗಳನ್ನು ನೋಡಲು ಬರುವವರು ಹಗಲು ಬಂದು ಹಗಲೇ ಹೋಗುತ್ತಾರೆ. ಊರಿನ ದುಡಿಮೆ ಹಾಗಲ್ಲ, ಹೊತ್ತು ಮುಳುಗಿದ ಮೇಲೂ ನಡೆದಿರುತ್ತದೆ. ಸುಗ್ಗಿಯಲ್ಲಿ ಮೆಕ್ಕೆಜೋಳದ ಚೀಲ, ಶುಂಠಿ, ಅಡಿಕೆ ಹೇರಿಕೊಳ್ಳಲು ಬರುವ ಪಿಕಪ್ ಗಾಡಿಗಳು ತೋಟದ ಓಣಿಗೆ, ಕಣಕ್ಕೆ, ಹಿತ್ತಲಿಗೆ ಎಷ್ಟೋ ಸಲ ರಿವರ್ಸ್‌ನಲ್ಲೇ ಹೋಗಬೇಕು. ಒಂದು ಮಗ್ಗುಲಿಗೆ ಬೇಲಿ, ಇನ್ನೊಂದು ಮಗ್ಗುಲಿಗೆ ಕಾಲುವೆ. ಕಣದಲ್ಲಿ ಆಳುಕಾಳು, ದನಕರು, ಆಡುವ ಮಕ್ಕಳು.

ಗಾಡಿಯ ಜೊತೆಗೆ ಬರುವ ರಿವರ್ಸ್ ಬಲ್ಬು ಸಾಮಾನ್ಯವಾಗಿ 12 ವೋಲ್ಟಿನ, 21 ವ್ಯಾಟಿನದು. ಅದರೊಳಗಿನ ತಂತಿ ಕಾದು ಬೆಳಗುತ್ತದೆ. ತಿಂದ ವಿದ್ಯುತ್ತಿನಲ್ಲಿ ಬಹುಪಾಲು ಶಾಖವಾಗಿ ಹೋಗಿ, ಬೆಳಕಾಗುವುದು ಚೂರುಪಾರು. ಬೀದಿದೀಪವಿರುವ ಪೇಟೆಗೆ ಅದು ಸಾಕು. ಬೀದಿದೀಪವಿಲ್ಲದ ತೋಟದ ದಾರಿಗೆ ಸಾಲದು. ಅದಕ್ಕೇ ಈಗ ಬಂಪರಿನ ಕೆಳಗೆ ಎರಡು ಎಲ್‌ಇಡಿ ಲೈಟು ಕೂರಿಸಿಕೊಳ್ಳುವವರು ಹೆಚ್ಚುತ್ತಿದ್ದಾರೆ. ಒಳ್ಳೆಯದೇ. ಆದರೆ ಅಂಗೈಯಗಲದ ಆ ದೀಪ ಬಂದದ್ದು ಹೇಗೆಂದು ತಿಳಿದವರು ಅದನ್ನು ಅಡ್ಡಾದಿಡ್ಡಿ ಜೋಡಿಸಲಾರರು. ಹಾಗಾಗಿ ಆ ಕತೆಯನ್ನು ಮೊದಲಿಂದ ಹೇಳಬೇಕು.

ಕತೆ ಶುರುವಾಗುವುದು ದೀಪದಿಂದಲ್ಲ, ರೇಡಿಯೋದಿಂದ. ಕಲ್ಕತ್ತೆಯಲ್ಲಿ ಜಗದೀಶಚಂದ್ರ ಬೋಸರು ಗಲೀನಾ ಎಂಬ ಸೀಸದ ಅದಿರಿನ ಹರಳಿನಿಂದ ವಿದ್ಯುತ್ ಅಲೆಗಳನ್ನು ಹಿಡಿಯುವ ಸಾಧನ ಮಾಡಿ, 1901ರಲ್ಲಿ ಅಮೆರಿಕದ ಪೇಟೆಂಟಿಗೆ ಅರ್ಜಿ ಹಾಕಿದರು. 1904ರಲ್ಲಿ ಅದು ಮಂಜೂರಾಯಿತು. ಗಲೀನಾದಂಥ ಅರೆವಾಹಕದ ಸಾಧನಕ್ಕೆ ಸಿಕ್ಕ ಮೊದಲ ಪೇಟೆಂಟುಗಳಲ್ಲಿ ಅದೂ ಒಂದು. ರೇಡಿಯೋ ಎಂಜಿನಿಯರುಗಳೆಲ್ಲ ಬಗೆಬಗೆಯ ಹರಳುಗಳನ್ನು ಪರೀಕ್ಷಿಸುತ್ತಿದ್ದ ಕಾಲ ಅದು. ಮಾರ್ಕೋನಿ ಕಂಪನಿಯಲ್ಲಿದ್ದ ಎಚ್.ಜೆ. ರೌಂಡ್ 1907ರಲ್ಲಿ ಕಾರ್ಬೊರಂಡಮ್ ಹರಳಿಗೆ, ಅಂದರೆ ಸಾಣೆಕಲ್ಲಿಗೆ ಬಳಸುವ ಸಿಲಿಕಾನ್ ಕಾರ್ಬೈಡಿಗೆ, ಹತ್ತು ವೋಲ್ಟಿನ ವಿದ್ಯುತ್ ಕೊಟ್ಟಾಗ ಅದು ಹಳದಿಯಾಗಿ ಮಿನುಗಿತು. ಅವರು ಚಿಕ್ಕದೊಂದು ಟಿಪ್ಪಣಿ ಪ್ರಕಟಿಸಿ ಸುಮ್ಮನಾದರು. 1920ರ ದಶಕದಲ್ಲಿ ರಷ್ಯಾದ ಒಲೆಗ್ ಲೋಸೆವ್ ಇದೇ ಬೆಳಕನ್ನು ಮತ್ತೆ ಕಂಡರು. ಇದು ಕಾದು ಬೆಳಗುವ ಬೆಳಕಲ್ಲ, ಬೇರೆಯೇ ಜಾತಿಯದು ಎಂದು ಪಟ್ಟುಬಿಡದೆ ಅಭ್ಯಾಸ ಮಾಡಿ ಬರೆದರು. 1942ರಲ್ಲಿ ಲೆನಿನ್‌ಗ್ರಾಡಿನ ಮುತ್ತಿಗೆಯ ಹಸಿವಿನಲ್ಲಿ ಅವರು ತೀರಿಕೊಂಡರು. ಅವರ ಬರಹಗಳ ಬೆಲೆ ಜಗತ್ತಿಗೆ ಗೊತ್ತಾದದ್ದು ಬಹಳ ತಡವಾಗಿ.

ಹರಳು ತಣ್ಣಗಿದ್ದೇ ಬೆಳಗುವ ಗುಟ್ಟು ಇಷ್ಟು. ಎಲ್‌ಇಡಿಯಲ್ಲಿ ಎರಡು ಬಗೆಯ ಅರೆವಾಹಕ ಪದರಗಳು ಕೂಡಿರುತ್ತವೆ. ಒಂದರಲ್ಲಿ ಎಲೆಕ್ಟ್ರಾನುಗಳು ಮಿಕ್ಕಿರುತ್ತವೆ, ಇನ್ನೊಂದರಲ್ಲಿ ಎಲೆಕ್ಟ್ರಾನು ಕೂರಬೇಕಾದ ಜಾಗಗಳು ಖಾಲಿ ಇರುತ್ತವೆ. ವಿದ್ಯುತ್ ಹರಿಸಿದಾಗ ಎಲೆಕ್ಟ್ರಾನು ಗಡಿ ದಾಟಿ ಆ ಖಾಲಿ ಜಾಗಕ್ಕೆ ಇಳಿಯುತ್ತದೆ. ಇಳಿಯುವಾಗ ಬಿಟ್ಟುಕೊಡುವ ಶಕ್ತಿಯೇ ಬೆಳಕು. ಇಳಿತ ಚಿಕ್ಕದಾದರೆ ಕೆಂಪು, ದೊಡ್ಡದಾದರೆ ನೀಲಿ. 1962ರ ಅಕ್ಟೋಬರಿನಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಪ್ರಯೋಗಾಲಯದಲ್ಲಿ ನಿಕ್ ಹೊಲೊನ್ಯಾಕ್ ಕಣ್ಣಿಗೆ ಕಾಣುವ ಕೆಂಪು ಎಲ್‌ಇಡಿ ಬೆಳಗಿಸಿದರು. ಬಲ್ಬಿನ ಜಾಗವನ್ನು ಮುಂದೊಂದು ದಿನ ಇದೇ ಹಿಡಿಯುತ್ತದೆ ಎಂದು ಮರುವರ್ಷವೇ ಹೇಳಿದರು. ಹತ್ತು ವರ್ಷದಲ್ಲಿ ಹಳದಿಯೂ ಬಂತು. ಕ್ಯಾಲ್ಕುಲೇಟರಿನ ಅಂಕಿಗಳಿಗೆ, ರೇಡಿಯೋದ ಸೂಚಕ ದೀಪಕ್ಕೆ ಅವು ಒದಗಿದವು. ಆದರೆ ದಾರಿಗೆ ಬೆಳಕು ಚೆಲ್ಲಬೇಕಾದರೆ ಬಿಳಿ ಬೇಕು, ಬಿಳಿಗೆ ನೀಲಿ ಬೇಕು. ಆ ನೀಲಿಗಾಗಿ ಜಗತ್ತು ಕೆಂಪು ಬಂದಾಗಿನಿಂದ ಮೂವತ್ತು ವರ್ಷ ಕಾಯಬೇಕಾಯಿತು.

ನೀಲಿ ಕೊಡಬಲ್ಲ ವಸ್ತು ಗ್ಯಾಲಿಯಂ ನೈಟ್ರೈಡ್ ಎಂದು ಬಲ್ಲವರಿದ್ದರು. ತೊಡಕು ಎರಡಿತ್ತು. ಅದರ ಹರಳು ಚೊಕ್ಕವಾಗಿ ಬೆಳೆಯುತ್ತಿರಲಿಲ್ಲ. ಬೆಳೆದರೂ ಅದರಲ್ಲಿ ಖಾಲಿ ಜಾಗಗಳಿರುವ ಪದರ ಮಾಡಲು ಬರುತ್ತಿರಲಿಲ್ಲ. ದೊಡ್ಡ ದೊಡ್ಡ ಕಂಪನಿಗಳು ಕೈಬಿಟ್ಟವು. ಜಪಾನಿನ ನಗೋಯಾ ವಿಶ್ವವಿದ್ಯಾಲಯದಲ್ಲಿ ಇಸಾಮು ಅಕಸಾಕಿ ಮತ್ತು ಅವರ ವಿದ್ಯಾರ್ಥಿ ಹಿರೋಶಿ ಅಮಾನೊ ಬಿಡಲಿಲ್ಲ. 1986ರಲ್ಲಿ ಅವರು ನೀಲಮಣಿಯ ಬಿಲ್ಲೆಯ ಮೇಲೆ ಮೊದಲು ಅಲ್ಯುಮಿನಿಯಂ ನೈಟ್ರೈಡಿನ ತೆಳು ಪದರ ಹಾಸಿ, ಅದರ ಮೇಲೆ ಗ್ಯಾಲಿಯಂ ನೈಟ್ರೈಡನ್ನು ಚೊಕ್ಕವಾಗಿ ಬೆಳೆಸಿ ತೋರಿಸಿದರು. ಎರಡನೆಯ ತೊಡಕು ಬಿಡಿಸಿಕೊಂಡ ಬಗೆ ಇನ್ನೂ ಸೊಗಸು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಹರಳಿನ ತುಣುಕನ್ನು ಪರೀಕ್ಷಿಸುತ್ತಿದ್ದಾಗ, ನೋಡನೋಡುತ್ತ ಅದರ ಹೊಳಪು ಹೆಚ್ಚುವುದು ಕಣ್ಣಿಗೆ ಬಿತ್ತು. ನೋಡಲೆಂದು ಹಾಯಿಸಿದ ಎಲೆಕ್ಟ್ರಾನ್ ಕಿರಣವೇ ಹರಳನ್ನು ಬದಲಿಸುತ್ತಿತ್ತು. ಆ ಜಾಡು ಹಿಡಿದು, ಮೆಗ್ನೀಸಿಯಂ ಬೆರೆಸಿದ ಹರಳಿಗೆ ಅದೇ ಕಿರಣ ಹಾಯಿಸಿ, 1989ರಲ್ಲಿ ಬೇಕಾದ ಪದರವನ್ನು ಪಡೆದರು.

ಅತ್ತ ತೊಕುಶಿಮಾ ಎಂಬ ದೂರದ ಸೀಮೆಯಲ್ಲಿ ನಿಚಿಯಾ ಎಂಬ ಕಂಪನಿಯಿತ್ತು. ಟ್ಯೂಬ್‌ಲೈಟಿಗೆ, ಟಿವಿ ಪರದೆಗೆ ಬಳಿಯುವ ಬೆಳಗುವ ಪುಡಿ ತಯಾರಿಸುವುದು ಅದರ ಕಸುಬು. ಅಲ್ಲಿನ ನೌಕರ ಶೂಜಿ ನಕಮುರಾ 1988ರಲ್ಲಿ ನೀಲಿ ಎಲ್‌ಇಡಿ ಮಾಡುತ್ತೇನೆಂದು ಮಾಲೀಕ ನೊಬುವೊ ಒಗಾವಾ ಅವರಲ್ಲಿ ಹಣ ಕೇಳಿದರು. ಒಗಾವಾ ಕೊಟ್ಟರು. ನಕಮುರಾ ಆಗಿನ್ನೂ ಡಾಕ್ಟರೇಟ್ ಪಡೆದಿರಲಿಲ್ಲ. ಬೇಕಾದ ಯಂತ್ರವನ್ನು ತಮ್ಮ ಕೈಯಾರೆ ಬಿಚ್ಚಿ, ಬೆಸೆದು, ಮಾರ್ಪಡಿಸಿಕೊಂಡರು. ಅನಿಲವನ್ನು ಪಕ್ಕದಿಂದ ಮಾತ್ರವಲ್ಲದೆ ಮೇಲಿಂದಲೂ ಹಾಯಿಸಿ ಹರಳು ಬೆಳೆಸುವ ಉಪಾಯ ಅವರದು. ಮೆಗ್ನೀಸಿಯಂ ಕೆಲಸಕ್ಕೆ ಬಾರದಂತೆ ಕಟ್ಟಿಹಾಕುತ್ತಿದ್ದದ್ದು ಹೈಡ್ರೋಜನ್ ಎಂದು ಅವರು 1992ರಲ್ಲಿ ತೋರಿಸಿದರು. ಎಲೆಕ್ಟ್ರಾನ್ ಕಿರಣವೂ ಬೇಡ, ಹರಳನ್ನು ಕಾಯಿಸಿ ಹೈಡ್ರೋಜನ್ ಓಡಿಸಿದರೆ ಸಾಕು ಎಂಬುದು ಇದರಿಂದ ಸಿದ್ಧವಾಯಿತು. 1993ರ ಕೊನೆಗೆ ಕಣ್ಣು ಕೋರೈಸುವ ನೀಲಿ ಎಲ್‌ಇಡಿ ಮಾರುಕಟ್ಟೆಗೆ ಬಂತು. 1996ರಲ್ಲಿ ಅದೇ ಕಂಪನಿ ನೀಲಿ ಬೆಳಗುವ ಹರಳಿನ ತುಣುಕಿನ, ಅಂದರೆ ಚಿಪ್ಪಿನ ಮೇಲೆ ತನ್ನ ಹಳೆಯ ಕಸುಬಿನ ಹಳದಿ ಪುಡಿ ಬಳಿದು ಬಿಳಿ ಬೆಳಕು ತೆಗೆಯಿತು. 2014ರ ಭೌತಶಾಸ್ತ್ರದ ನೊಬೆಲ್ ಅಕಸಾಕಿ, ಅಮಾನೊ, ನಕಮುರಾ ಮೂವರಿಗೂ ಸಂದಿತು.

ಆ ಹಳದಿ ಪುಡಿಗೆ ಸಾಕ್ಷಿ ಬೇಕಾದರೆ ಯಾವುದಾದರೂ ಬಿಳಿ ಎಲ್‌ಇಡಿ ಲೈಟನ್ನು ಆರಿಸಿ, ಗಾಜಿನೊಳಗೆ ದಿಟ್ಟಿಸಿ ನೋಡಿ. ಬಿಳಿ ಬೆಳಕು ಕೊಡುವ ಆ ಚುಕ್ಕೆಗಳು ಆರಿದಾಗ ಅರಿಸಿನದ ಬಣ್ಣಕ್ಕಿರುತ್ತವೆ. ಅದೇ ಆ ಪುಡಿ. ಒಳಗಿನ ನೀಲಿಯಲ್ಲಿ ಒಂದು ಪಾಲು ಹಾಗೇ ಹೊರಬರುತ್ತದೆ, ಉಳಿದದ್ದು ಪುಡಿಗೆ ತಾಗಿ ಹಳದಿಯಾಗುತ್ತದೆ. ಎರಡೂ ಬೆರೆತದ್ದು ನಮ್ಮ ಕಣ್ಣಿಗೆ ಬಿಳಿ.

ದೀಪ ಸಿಕ್ಕಿತು. ಅದನ್ನು ಗಾಡಿಗೆ ಕೂಡಿಸುವ ಕತೆ ಇನ್ನೂ ಹಳೆಯದು. ರಿವರ್ಸ್ ಗೇರ್ ಹಾಕಿದಾಗ ಗೇರ್‌ಬಾಕ್ಸಿನಲ್ಲಿರುವ ಪುಟ್ಟ ಸ್ವಿಚ್ಚು ಒತ್ತಿಕೊಂಡು ಹಿಂದಿನ ಬಲ್ಬಿಗೆ ಕರೆಂಟು ಹೋಗುತ್ತದೆ. ಆ ಸ್ವಿಚ್ಚು, ಆ ತಂತಿ, ಆ ಫ್ಯೂಸು ಎಲ್ಲವೂ ಕಂಪನಿ ಕೊಟ್ಟ ಬಲ್ಬಿನ ಲೆಕ್ಕಕ್ಕೆ ಮಾಡಿದವು. 21 ವ್ಯಾಟಿನ ಎರಡು ಬಲ್ಬು ಎಳೆಯುವುದು ಮೂರೂವರೆ ಆಂಪಿಯರ್. 18 ವ್ಯಾಟಿನ ಎರಡು ಎಲ್‌ಇಡಿಯನ್ನು ಅದೇ ತಂತಿಗೆ ಸುತ್ತಿದರೆ ಇನ್ನೂ ಮೂರು ಆಂಪಿಯರ್ ಸೇರಿ ಹೊರೆ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಮೊದಮೊದಲು ಏನೂ ಆಗದು. ದಿನ ಕಳೆದಂತೆ ಸ್ವಿಚ್ಚಿನ ಪಾಯಿಂಟು ಸುಡುತ್ತದೆ, ಇಲ್ಲವೇ ಫ್ಯೂಸು ಹೋಗಿ ಅದರ ಜೊತೆಗಿರುವ ಬೇರೆ ಲೈನೂ ಸಾಯುತ್ತದೆ.

ಇದಕ್ಕೆ ಪರಿಹಾರ ಹೊಳೆದದ್ದು 1835ರಲ್ಲಿ, ಅಮೆರಿಕದ ಪ್ರಿನ್ಸ್‌ಟನ್ನಿನಲ್ಲಿ ಮೇಷ್ಟರಾಗಿದ್ದ ಜೋಸೆಫ್ ಹೆನ್ರಿಗೆ. ದೂರದಿಂದ ಬರುವ ಬಡಕಲು ವಿದ್ಯುತ್ತಿನಿಂದ ಪುಟ್ಟದೊಂದು ವಿದ್ಯುತ್ಕಾಂತವನ್ನು ನಡೆಸಿ, ಆ ಕಾಂತದ ಕೈಯಲ್ಲಿ ಪಕ್ಕದ ಬಲವಾದ ಸುತ್ತೊಂದನ್ನು ಮುಚ್ಚಿ ತೆರೆಸಿದರು. ಟೆಲಿಗ್ರಾಫು ಊರೂರಿಗೆ ಹಬ್ಬಿದ್ದು ಈ ಉಪಾಯದ ಮೇಲೆ. ಅದೇ ರಿಲೇ. ಕೆರೆಯ ತೂಬನ್ನು ಒಬ್ಬನೇ ಎತ್ತಿದರೂ ಗದ್ದೆ ಬಯಲಿಗೆಲ್ಲ ನೀರು ಹರಿಯುವ ಹಾಗೆ, ಇಲ್ಲಿ ಅಲ್ಪ ಕರೆಂಟು ದೊಡ್ಡ ಕರೆಂಟಿಗೆ ದಾರಿ ಬಿಡುತ್ತದೆ. ಗಾಡಿಯ ರಿಲೇಯ ಸುರುಳಿಗೆ ಬೇಕಾದದ್ದು ಒಂದು ಆಂಪಿಯರಿನ ಆರೇಳು ಪಾಲಿನಲ್ಲಿ ಒಂದು ಪಾಲು ಅಷ್ಟೆ. ಗೇರಿನ ಸ್ವಿಚ್ಚಿಗೆ ಅದು ಭಾರವೇ ಅಲ್ಲ.

ಆಟೋ ಎಲೆಕ್ಟ್ರಿಷಿಯನ್ ಅಂಗಡಿಯಲ್ಲಿ ರಿಲೇ ಕೈಗೆತ್ತಿಕೊಂಡು ತಳ ನೋಡಿ. ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ಕಪ್ಪು ಡಬ್ಬಿ, ನಾಲ್ಕು ಪಿನ್ನು, ಪಕ್ಕದಲ್ಲಿ 30, 85, 86, 87 ಎಂಬ ಅಂಕಿ. ಈ ಅಂಕಿಗಳು ಜರ್ಮನಿಯ ಡಿಐಎನ್ 72552 ಎಂಬ ಮಾನಕದವು. ಈಗ ಹೆಚ್ಚುಕಡಿಮೆ ಎಲ್ಲ ಕಡೆ ಇವೇ ನಡೆಯುತ್ತವೆ. ರಿವರ್ಸ್ ಹಾಕಿದಾಗ ಮಾತ್ರ ಕರೆಂಟು ಬರುವ ತಂತಿಯನ್ನು ಮೊದಲು ಟೆಸ್ಟ್ ಲ್ಯಾಂಪಿನಿಂದ ಹುಡುಕಿ ಗುರುತಿಟ್ಟು, ಆಮೇಲೆ ಬ್ಯಾಟರಿಯ ನೆಗೆಟಿವ್ ಬಿಚ್ಚಿಡಬೇಕು. ಬ್ಯಾಟರಿಯ ಪಾಸಿಟಿವ್‌ನಿಂದ ಹೊರಟ ತಂತಿ ಫ್ಯೂಸ್ ದಾಟಿ 30ಕ್ಕೆ ಬರಲಿ. ಮೂರು ಆಂಪಿಯರಿನ ಲೈಟಿಗೆ 5 ಅಥವಾ 7.5 ಆಂಪಿಯರಿನ ಫ್ಯೂಸು ಸಾಕು. ಅದು ಬ್ಯಾಟರಿಯ ಮಗ್ಗುಲಲ್ಲೇ ಇರಬೇಕು. ದೂರ ಇಟ್ಟರೆ ನಡುವಿನ ತಂತಿ ಉಜ್ಜಿ ಬಾಡಿಗೆ ತಾಗಿದಾಗ ಕಾಯುವವರಿಲ್ಲ. 87ರಿಂದ ಎಲ್‌ಇಡಿಯ ಪಾಸಿಟಿವ್‌ಗೆ, ಎಲ್‌ಇಡಿಯ ನೆಗೆಟಿವ್ ಚಾಸಿಗೆ. ಗುರುತಿಟ್ಟ ರಿವರ್ಸ್ ತಂತಿಯನ್ನು 86ಕ್ಕೆ ಕೊಡಬೇಕು. 85ಕ್ಕೆ ಅರ್ಥ್. ಬ್ಯಾಟರಿಯ ನೆಗೆಟಿವ್ ಮತ್ತೆ ಜೋಡಿಸಿ, ಇಂಜಿನ್ ಶುರು ಮಾಡದೆ ಕೀ ಹಾಕಿ, ಹ್ಯಾಂಡ್‌ಬ್ರೇಕ್ ಎಳೆದು ರಿವರ್ಸ್ ಹಾಕಿದರೆ ಡಬ್ಬಿಯೊಳಗೆ ಟಕ್ಕೆಂದು ಸದ್ದಾಗಿ ಲೈಟು ಹತ್ತುತ್ತದೆ.

ಕೆಡುವುದು ಹೆಚ್ಚಾಗಿ ದೀಪವಲ್ಲ, ಜಾಯಿಂಟು. ನಮ್ಮ ಕಡೆಯ ಮಳೆಗೆ, ಗದ್ದೆಯ ಕೆಸರಿಗೆ ಟೇಪು ಸುತ್ತಿದ ಜಾಯಿಂಟು ಒಂದು ಮಳೆಗಾಲವೂ ತಡೆಯದು. ನೀರಿಳಿದು ತಾಮ್ರಕ್ಕೆ ಹಸಿರು ಕಿಲುಬು ಹಿಡಿಯುತ್ತದೆ. ಬೆಸುಗೆ ಹಾಕಿ, ಶಾಖಕ್ಕೆ ಬಿಗಿಯುವ ಸ್ಲೀವ್ ತೊಡಿಸಬೇಕು. ಅರ್ಥ್ ಕೊಡುವ ಜಾಗದ ಪೇಂಟು ಕೆರೆದು ಬೋಲ್ಟು ಬಿಗಿಯಬೇಕು. ಎಲ್‌ಇಡಿಯ ಬೆನ್ನಿನ ಅಲ್ಯುಮಿನಿಯಂ ರೆಕ್ಕೆಗಳಿಗೆ ಮೆತ್ತಿದ ಕೆಸರನ್ನು ತೊಳೆಯಬೇಕು. ಎಲ್‌ಇಡಿಯಲ್ಲಿ ಕಾದು ಬೆಳಗುವ ತಂತಿ ಇಲ್ಲದಿದ್ದರೂ ಚಿಪ್ಪು ಬಿಸಿಯಾಗುತ್ತದೆ, ಆ ಶಾಖ ಹೊರಹೋಗದಿದ್ದರೆ ಅದರ ಆಯುಸ್ಸು ಮೊಟಕಾಗುತ್ತದೆ. ರಿವರ್ಸ್ ಸ್ವಿಚ್ಚೇ ಇಲ್ಲದ ಟ್ರ್ಯಾಕ್ಟರಿಗೆ ಬೇರೆ ಸ್ವಿಚ್ಚು ಹಾಕುವವರು ಅದರ ಪಕ್ಕ ಸೂಚಕ ದೀಪವನ್ನೂ ಇಡಲಿ. ಹಿಂದೆ ಲೈಟು ಉರಿಯುತ್ತಿರುವುದು ಸೀಟಿನ ಮೇಲೆ ಕೂತವರಿಗೆ ಗೊತ್ತಾಗಬೇಕು.

ಕಡೆಯದಾಗಿ ಗಾಡಿ ಓಡಿಸುವವರಲ್ಲಿ ಒಂದು ಕೋರಿಕೆ. ಈ ಲೈಟನ್ನು ನೆಲಕ್ಕೆ ಮುಖ ಮಾಡಿ ಕೂರಿಸಿ. ಆನವಟ್ಟಿ, ಶಿರಾಳಕೊಪ್ಪದ ರಸ್ತೆಗೆ ಇಳಿಯುವ ಮುನ್ನ ಆರಿದೆಯೇ ಎಂದು ಖಾತ್ರಿ ಮಾಡಿಕೊಳ್ಳಿ. ಮುಂದೆ ಹೋಗುವ ಗಾಡಿಯ ಹಿಂದೆ ಬಿಳಿ ಬೆಳಕು ಕಂಡರೆ ಹಿಂದಿನಿಂದ ಬರುವವನು ಗಾಡಿ ತನ್ನ ಕಡೆಗೇ ಬರುತ್ತಿದೆ ಎಂದು ತಿಳಿಯುತ್ತಾನೆ. ಬೈಕಿನವನಿಗಂತೂ ಕಣ್ಣು ಕತ್ತಲಿಡುತ್ತದೆ. ವಾಹನದ ದೀಪಗಳಿಗೆ 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಕಟ್ಟಳೆಯಿದೆ. ಸಂಶಯ ಬಂದರೆ ಆರ್‌ಟಿಓ ಕಚೇರಿಯಲ್ಲಿ ಕೇಳಿ ಮುಂದುವರಿಯಿರಿ. ಇಷ್ಟೆಲ್ಲ ಮಾಡಿದ ಮೇಲೂ ಮಕ್ಕಳಿರುವ ಕಣಕ್ಕೆ ಗಾಡಿ ಹಿಂದೆ ತೆಗೆಯುವಾಗ ಒಬ್ಬರನ್ನು ಕೆಳಗಿಳಿಸಿ ನಿಲ್ಲಿಸಿಕೊಳ್ಳಿ. ದೀಪ ತೋರಿಸುತ್ತದೆ, ನೋಡಬೇಕಾದವರು ನಾವೇ.