ಸಾಣಿಗೆಯಲ್ಲಿ ಉಳಿಯುವ ಸತ್ವ

ಗಿರಣಿಯಿಂದ ಹಿಟ್ಟಿನ ಡಬ್ಬಿ ಮನೆಗೆ ಬಂದ ಕೂಡಲೇ ಅವ್ವ ಸಾಣಿಗೆ ಹಿಡಿಯುತ್ತಿದ್ದಳು. ಕೆಳಗೆ ನುಣ್ಣನೆಯ ಹಿಟ್ಟು ಬೀಳುತ್ತಿತ್ತು, ಮೇಲೆ ಎರಡು ಹಿಡಿ ಕಂದು ಬೂಸಾ ಉಳಿಯುತ್ತಿತ್ತು. ಹಿಟ್ಟು ನಮ್ಮ ಚಪಾತಿಗೆ, ಬೂಸಾ ಎಮ್ಮೆಯ ಕಲಗಚ್ಚಿಗೆ. ಪೋಷಣೆಯ ಲೆಕ್ಕ ಹಿಡಿದು ನೋಡಿದರೆ ಆ ಹಂಚಿಕೆಯಲ್ಲಿ ಲಾಭವಾದದ್ದು ಎಮ್ಮೆಗೆ.

ಗೋಧಿ ಕಾಳಿನಲ್ಲಿ ಮೂರು ಭಾಗಗಳಿವೆ. ತೂಕದಲ್ಲಿ ನೂರಕ್ಕೆ ಸುಮಾರು 83 ಪಾಲು ಒಳಗಿನ ಬಿಳಿ ತಿರುಳು. ಅದರಲ್ಲಿರುವುದು ಮುಖ್ಯವಾಗಿ ಪಿಷ್ಟ ಮತ್ತು ಪ್ರೋಟೀನು. ಸುಮಾರು 14 ಪಾಲು ಹೊರಗಿನ ಹೊಟ್ಟು, ಅದೇ ಬೂಸಾ. ಉಳಿದ ಎರಡು-ಮೂರು ಪಾಲು ಮೊಳಕೆಯ ಭಾಗ. ಎಣ್ಣೆ ಮತ್ತು ಇ ಜೀವಸತ್ವ ಇರುವುದು ಇಲ್ಲಿ. ಹೊಟ್ಟು ತೂಕದಲ್ಲಿ ಚಿಕ್ಕದಾದರೂ ಕಾಳಿನ ನಾರು, ಕಬ್ಬಿಣ, ಸತು, ಮೆಗ್ನೀಷಿಯಂ ಮತ್ತು ಬಿ ಗುಂಪಿನ ಜೀವಸತ್ವಗಳ ದೊಡ್ಡ ಪಾಲು ಅದರಲ್ಲೇ ಸೇರಿಕೊಂಡಿದೆ. ಮೈದಾ ಮಾಡುವಾಗ ಹೊಟ್ಟು, ಮೊಳಕೆ ಎರಡನ್ನೂ ತೆಗೆದು ಬರಿಯ ತಿರುಳನ್ನು ಉಳಿಸಿಕೊಳ್ಳುತ್ತಾರೆ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಹೊರತಂದ ಆಹಾರ ಕೋಷ್ಟಕದಲ್ಲಿ ಈ ವ್ಯತ್ಯಾಸ ಎದ್ದು ಕಾಣುತ್ತದೆ. 100 ಗ್ರಾಂ ಇಡೀ ಗೋಧಿ ಹಿಟ್ಟಿನಲ್ಲಿ ಸುಮಾರು 11 ಗ್ರಾಂ ನಾರು ಇದ್ದರೆ, ಮೈದಾದಲ್ಲಿ ಮೂರು ಗ್ರಾಂ ಕೂಡ ಇಲ್ಲ. ಕಬ್ಬಿಣ ಹಿಟ್ಟಿನಲ್ಲಿ ಸುಮಾರು 4 ಮಿಲಿಗ್ರಾಂ, ಮೈದಾದಲ್ಲಿ ಎರಡಕ್ಕಿಂತ ಕಡಿಮೆ. ಪ್ರೋಟೀನು ಮಾತ್ರ ಎರಡರಲ್ಲೂ ಹೆಚ್ಚುಕಡಿಮೆ 10 ಗ್ರಾಂ. ಒಂದು ಚಪಾತಿಗೆ 30 ಗ್ರಾಂ ಹಿಟ್ಟೆಂದು ಹಿಡಿಯಿರಿ. ಮೂರು ಚಪಾತಿ ತಿಂದರೆ ಸುಮಾರು 10 ಗ್ರಾಂ ನಾರು ಸಿಕ್ಕಿತು, ಅಂದರೆ ವಯಸ್ಕರೊಬ್ಬರಿಗೆ ದಿನಕ್ಕೆ ಬೇಕಾದ ಸುಮಾರು 30 ಗ್ರಾಂನಲ್ಲಿ ಮೂರರಲ್ಲೊಂದು ಪಾಲು. ಅದೇ ಹಿಟ್ಟನ್ನು ನುಣ್ಣನೆಯ ಜರಡಿಯಲ್ಲಿ ಹಿಡಿದು ಬೂಸಾ ಚೆಲ್ಲಿದರೆ, ದುಡ್ಡು ಕೊಟ್ಟು ತಂದದ್ದನ್ನು ನಾವೇ ಮೈದಾದ ಕಡೆಗೆ ತಳ್ಳಿದಂತೆ.

“ಬೂಸಾ ಇದ್ದರೆ ಚಪಾತಿ ಮೆತ್ತಗಾಗುವುದಿಲ್ಲ” ಎಂಬ ದೂರು ಸುಳ್ಳಲ್ಲ. ಅದಕ್ಕೆ ಕಾರಣ ತಿಳಿಯಬೇಕೆಂದರೆ ಅಡುಗೆಮನೆಯಲ್ಲೇ ಒಂದು ಪ್ರಯೋಗ ಮಾಡಿ. ನಿಂಬೆಹಣ್ಣಿನಷ್ಟು ನಾದಿದ ಹಿಟ್ಟನ್ನು ಅರ್ಧ ಗಂಟೆ ಬಿಟ್ಟು, ಬಟ್ಟಲು ನೀರಿನೊಳಗೆ ಮೆಲ್ಲಗೆ ಹಿಸುಕುತ್ತ ಹೋಗಿ. ನೀರು ಹಾಲಿನಂತೆ ಬೆಳ್ಳಗಾಗುತ್ತದೆ, ಅದು ಪಿಷ್ಟ. ಗೋಧಿ ಹಾಲುಬಾಯಿಗೆ ನೆನೆಸಿದ ಗೋಧಿಯನ್ನು ರುಬ್ಬಿ ಸೋಸಿ ತೆಗೆಯುವ ಹಾಲಿನಲ್ಲೂ ಇರುವುದು ಇದೇ. ನೀರು ಬದಲಿಸುತ್ತ ಹತ್ತು ನಿಮಿಷ ತೊಳೆದರೆ ಕೈಯಲ್ಲಿ ಎಳೆದರೆ ಹಿಗ್ಗುವ, ಬಿಟ್ಟರೆ ಕುಗ್ಗುವ ಬೂದುಬಣ್ಣದ ಒಂದು ಮುದ್ದೆ ಉಳಿಯುತ್ತದೆ. ಅದು ಗ್ಲುಟೆನ್. ಗ್ಲಯಡಿನ್, ಗ್ಲುಟೆನಿನ್ ಎಂಬ ಎರಡು ಪ್ರೋಟೀನುಗಳು ನೀರು ತಗುಲಿದಾಗ ಒಂದಕ್ಕೊಂದು ಹೆಣೆದುಕೊಂಡು ಈ ಬಲೆಯಾಗುತ್ತವೆ. ಮುದ್ದೆಯಲ್ಲಿ ಸಿಕ್ಕಿಕೊಂಡ ಕಂದು ಚೂರುಗಳನ್ನು ನೋಡಿ. ಅವೇ ಹೊಟ್ಟು. ಅವುಗಳ ಅಂಚು ಬಲೆಯನ್ನು ಅಲ್ಲಲ್ಲಿ ಕತ್ತರಿಸುತ್ತದೆ. ಅವು ನೀರನ್ನು ಹೀರುವುದೂ ನಿಧಾನ.

ಹೊಟ್ಟಿಗೆ ಬೇಕಾದದ್ದು ನೀರು ಮತ್ತು ಸಮಯ. 100 ಗ್ರಾಂ ಇಡೀ ಗೋಧಿ ಹಿಟ್ಟಿಗೆ 65ರಿಂದ 75 ಮಿಲಿಲೀಟರ್ ನೀರು ಹಾಕಿ, ಕೈಗೆ ತುಸು ಅಂಟುವಷ್ಟು ಸಡಿಲವಾಗಿ ನಾದಿ, ಒದ್ದೆ ಬಟ್ಟೆ ಮುಚ್ಚಿ ಅರ್ಧ ಗಂಟೆ ಬಿಡಿ. ಹೊಟ್ಟು ನೆನೆದು ಮೆತ್ತಗಾಗುತ್ತದೆ, ನಾದುವಾಗ ಬಿಗಿದ ಗ್ಲುಟೆನ್ ಬಲೆ ಸಡಿಲುತ್ತದೆ, ಲಟ್ಟಿಸುವಾಗ ಹಿಟ್ಟು ಹಿಂದಕ್ಕೆ ಕುಗ್ಗುವುದಿಲ್ಲ. ಹಂಚು ಚೆನ್ನಾಗಿ ಕಾದಿರಲಿ. ಚಪಾತಿಯ ಎರಡೂ ಮೈ ಬೇಗ ಬೆಂದು ಪದರಗಟ್ಟಿದರೆ ಒಳಗಿನ ನೀರು ಆವಿಯಾಗಿ ಸುಮಾರು 1,600 ಪಟ್ಟು ಹಿಗ್ಗುತ್ತದೆ, ಚಪಾತಿ ಉಬ್ಬುತ್ತದೆ. ಹಂಚು ತಣ್ಣಗಿದ್ದರೆ ನೀರು ಮೆಲ್ಲನೆ ಆರಿಹೋಗಿ ಚಪಾತಿ ಹಪ್ಪಳವಾಗುತ್ತದೆ.

ಗಿರಣಿಯವರು “ಸಣ್ಣಗ ಬೀಸ್ಲೇನ್ರಿ ಅಕ್ಕಾರ, ಸ್ವಲ್ಪ ದಪ್ಪ ಇರಲ್ರೀ?” ಎಂದು ಕೇಳಿದಾಗ ಚಪಾತಿಗಾದರೆ ಸಣ್ಣಗೆ ಎಂದೇ ಹೇಳಿ. ಹೊಟ್ಟು ಪುಡಿಯಾದಷ್ಟೂ ಬಲೆ ಹರಿಯುವುದು ಕಡಿಮೆ. ಕಲ್ಲಿನ ಗಿರಣಿಯ ಒತ್ತಡಕ್ಕೆ ಪಿಷ್ಟದ ಕಣಗಳು ಒಡೆದು ಹೆಚ್ಚು ನೀರು ಕುಡಿಯುತ್ತವೆ. ಆ ಹಿಟ್ಟಿನ ಚಪಾತಿ ಮೆತ್ತಗಿರಲು ಇದೂ ಒಂದು ಕಾರಣ. ಮನೆಗೆ ತಂದ ಬಿಸಿ ಹಿಟ್ಟನ್ನು ಹರಡಿ ಆರಿಸಿಯೇ ಡಬ್ಬಿಗೆ ತುಂಬಿ. ಬಿಸಿಯಲ್ಲೇ ಮುಚ್ಚಿದರೆ ಒಳಗೆ ನೀರಾಡಿ ಹಿಟ್ಟು ಗಂಟುಕಟ್ಟುತ್ತದೆ. ಮೊಳಕೆಯ ಎಣ್ಣೆ ಇರುವುದರಿಂದ ಇಡೀ ಗೋಧಿ ಹಿಟ್ಟು ಮೈದಾದಷ್ಟು ದಿನ ಬಾಳುವುದಿಲ್ಲ, ಕಮಟು ಹಿಡಿಯುತ್ತದೆ. ಎರಡು-ಮೂರು ವಾರಕ್ಕಾಗುವಷ್ಟನ್ನೇ ಬೀಸಿಸಿ.

ಹೊಟ್ಟಿನಲ್ಲಿ ಫೈಟಿಕ್ ಆಮ್ಲವೂ ಇದೆ. ಅದು ಕಬ್ಬಿಣ ಮತ್ತು ಸತುವನ್ನು ಹಿಡಿದಿಟ್ಟುಕೊಂಡು ಕರುಳು ಹೀರದಂತೆ ತಡೆಯುತ್ತದೆ. ಹಾಗೆಂದು ಹೊಟ್ಟನ್ನೇ ಬಿಡಬೇಕಿಲ್ಲ. ಪಲ್ಯಕ್ಕೆ ನಿಂಬೆರಸ ಹಿಂಡಿದರೆ ಅದರ ಸಿ ಜೀವಸತ್ವ ಕಬ್ಬಿಣವನ್ನು ದೇಹಕ್ಕೆ ಸೇರಿಸಲು ನೆರವಾಗುತ್ತದೆ. ಊಟದ ಬೆನ್ನಿಗೇ ಚಹಾ ಕುಡಿದರೆ ಆ ಲಾಭ ಕುಗ್ಗುತ್ತದೆ, ಒಂದು ಗಂಟೆ ತಡೆಯಿರಿ. ಗೋಧಿ ಹಿಟ್ಟನ್ನು ಹುಳಿ ಮಜ್ಜಿಗೆಯಲ್ಲಿ ಕಲಸಿ ರಾತ್ರಿಯಿಡೀ ಇಟ್ಟು ದೋಸೆ ಹೊಯ್ದರೆ, ಆ ಹುಳಿಯಲ್ಲಿ ಕಾಳಿನದೇ ಕಿಣ್ವ ಕೆಲಸ ಮಾಡಿ ಫೈಟಿಕ್ ಆಮ್ಲವನ್ನು ಒಂದಿಷ್ಟು ಒಡೆಯುತ್ತದೆ. ಗೋಧಿಯ ಪ್ರೋಟೀನಿನಲ್ಲಿ ಲೈಸಿನ್ ಎಂಬ ಅಮೈನೊ ಆಮ್ಲ ಕಡಿಮೆ, ಬೇಳೆಕಾಳಿನಲ್ಲಿ ಅದು ಸಾಕಷ್ಟಿದೆ. ಚಪಾತಿಯ ಜೊತೆಗೆ ಹೆಸರುಕಾಳಿನ ಪಲ್ಯ, ಕಣಕದೊಳಗೆ ಕಡಲೆಬೇಳೆಯ ಹೂರಣ: ನಮ್ಮ ಅಡುಗೆಯ ಈ ಜೋಡಿಗಳು ಆ ಕೊರತೆಯನ್ನು ತುಂಬಿಕೊಡುತ್ತವೆ.

ಉತ್ತರ ಕರ್ನಾಟಕದ ಸದಕ ಗೋಧಿಯ ಮಾತನ್ನೂ ಹೇಳಬೇಕು. ಇದು ಜವೆ ಗೋಧಿ ಎಂದೂ ಕರೆಸಿಕೊಳ್ಳುವ ಪುರಾತನ ತಳಿ. ಒಕ್ಕಿದರೂ ಇದರ ಸಿಪ್ಪೆ ಬಿಡುವುದಿಲ್ಲ, ಕುಟ್ಟಿಯೇ ತೆಗೆಯಬೇಕು. ಹಾಗೆ ಕುಟ್ಟಿದ ಕಾಳು ಹುಗ್ಗಿಗೆ ಹೇಳಿಮಾಡಿಸಿದ್ದು. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಡಿಡಿಕೆ-1025, ಡಿಡಿಕೆ-1029 ಮುಂತಾದ ತಳಿಗಳ ಮೂಲಕ ಇದನ್ನು ರೈತರ ಹೊಲದಲ್ಲಿ ಉಳಿಸಿದೆ. ಆದರೆ ಸದಕದಲ್ಲೂ ಗ್ಲುಟೆನ್ ಇದೆ. ಸೀಲಿಯಾಕ್ ಕಾಯಿಲೆ ಇದ್ದವರು ಗೋಧಿಯ ಯಾವ ತಳಿಯನ್ನೂ ಮುಟ್ಟಬಾರದು. ಅವರಿಗೆ ಜೋಳ, ರಾಗಿ ಇವೆ. ಸಕ್ಕರೆ ಕಾಯಿಲೆಯವರು ಚಪಾತಿಯನ್ನು ಎಣಿಸಿಯೇ ತಿನ್ನಬೇಕು. ನುಣ್ಣಗೆ ಬೀಸಿದ ಹಿಟ್ಟು ಇಡೀ ಗೋಧಿಯದಾದರೂ ಬೇಗ ಜೀರ್ಣವಾಗುತ್ತದೆ. ಇಡಿಕಾಳು ಅಷ್ಟು ಬೇಗ ಕರಗುವುದಿಲ್ಲ.

ಸಾಣಿಗೆಯನ್ನು ಅಟ್ಟಕ್ಕೇರಿಸಬೇಕೆಂದು ನಾನು ಹೇಳುತ್ತಿಲ್ಲ. ಹುಳು, ಕಲ್ಲು, ಕಸ ನೋಡಲು ಅದು ಬೇಕೇ ಬೇಕು. ನಾನೂ ಹಿಡಿಯುತ್ತೇನೆ. ಕಸ ಆರಿಸಿದ ಮೇಲೆ ಸಾಣಿಗೆಯಲ್ಲಿ ಉಳಿದ ಬೂಸಾವನ್ನು ಮತ್ತೆ ಹಿಟ್ಟಿನ ಡಬ್ಬಿಗೇ ಸುರಿಯುತ್ತೇನೆ, ನಾದುವಾಗ ಎರಡು ಚಮಚ ನೀರು ಹೆಚ್ಚು ಹಾಕುತ್ತೇನೆ.