ಗೋಡೆಯೊಳಗಿನ ಹಳೇ ಪೈಪು

ನಾವು ನಾಲ್ವರು ಬಾಡಿಗೆಗಿರುವ ಮನೆ ಹಳೇದು. ಒಂದು ಬಕೆಟ್ ತುಂಬೋಕೆ ಹದಿನೈದು ನಿಮಿಷ, ಬೆಳಗ್ಗೆ ಮೊದಲು ಬರೋ ನೀರಿಗೆ ಡಿಕಾಕ್ಷನ್ ಬಣ್ಣ. ಪ್ರೆಶರ್ ಪಂಪ್ ಹಾಕಿಸಿ ಅಂತ ಮಾಲೀಕರಿಗೆ ಹೇಳಿದ್ದೂ ನಾವೇ. ಪ್ಲಂಬರ್ ನಕ್ಕುಬಿಟ್ಟರು: "ಪಂಪ್ ಹಾಕಿದ್ರೆ ನೀರು ನಲ್ಲೀಲಲ್ಲ, ಗೋಡೇಲಿ ಬರುತ್ತೆ!"

ಅವರು ಕತ್ತರಿಸಿ ತೋರಿಸಿದ ಅರ್ಧ ಇಂಚಿನ ಜಿಐ ಪೈಪಿನಲ್ಲಿ ಪೆನ್ನು ತೂರುವಷ್ಟೇ ಜಾಗ ಉಳಿದಿತ್ತು. ಸತುವಿನ ಲೇಪ ತಾನು ಸವೆಯುತ್ತಾ ಉಕ್ಕನ್ನು ಕಾಯುತ್ತೆ; ಅದು ಮುಗಿದ ಮೇಲೆ ತುಕ್ಕು ಶುರು. ಬೋರ್‌ವೆಲ್ಲಿನ ಗಡಸು ನೀರಾದರೆ ಸುಣ್ಣದ ಪದರವೂ ಜೊತೆಗೆ ಕೂರುತ್ತೆ. ಫ್ಲೂಯಿಡ್ ಮೆಕ್ಯಾನಿಕ್ಸ್ ನೆನಪಿದೆಯಾ? ಟ್ಯಾಂಕಿನ ಎತ್ತರ ಅಷ್ಟೇ ಇದ್ದು ಹರಿವು ಟರ್ಬುಲೆಂಟ್ ಆಗಿದ್ದರೆ, ಬರುವ ನೀರು ಹೆಚ್ಚುಕಮ್ಮಿ ವ್ಯಾಸದ 2.5ನೇ ಘಾತವನ್ನು ಅನುಸರಿಸುತ್ತೆ. 15 ಮಿ.ಮೀ. ದಾರಿ 10ಕ್ಕೆ ಇಳಿದರೆ ನೀರು ಶೇ. 36ಕ್ಕೆ ಇಳಿಯುತ್ತೆ. ಒಳಮೈ ಒರಟಾಗಿರೋದನ್ನೂ ಸೇರಿಸಿದರೆ ಇನ್ನೂ ಕಡಿಮೆ.

ಸೋರುವ ತುಂಡನ್ನಷ್ಟೇ ಬದಲಿಸಬಹುದಿತ್ತು. ಆದರೆ ಪಕ್ಕದ ತುಂಡಿಗೂ ಅದೇ ವಯಸ್ಸು. ರೆಂಚ್ ಹಾಕಿ ತಿರುಗಿಸಿದರೆ ಅದರ ಥ್ರೆಡ್ ಕಿತ್ತುಬರುತ್ತೆ. ಹಾಗಾಗಿ ಇಡೀ ಮನೆಗೆ ಸಿಪಿವಿಸಿ ಅಂತಾಯ್ತು. ಅದು 93 ಡಿಗ್ರಿವರೆಗಿನ ಬಿಸಿನೀರು ತಡೆಯುತ್ತೆ. ಮಾಮೂಲಿ ಯುಪಿವಿಸಿ ಗೀಸರ್ ಲೈನಿಗೆ ಆಗಲ್ಲ. ಆದರೆ ಸಿಪಿವಿಸಿ ಬಿಸಿಗೆ ಚೆನ್ನಾಗೇ ಹಿಗ್ಗುತ್ತೆ: 10 ಮೀಟರ್ ಪೈಪು 40 ಡಿಗ್ರಿ ಬಿಸಿಯಾದರೆ ಸುಮಾರು ಎರಡೂವರೆ ಸೆಂಟಿಮೀಟರ್. ಉದ್ದದ ಲೈನಿಗೆ ಅಲ್ಲಲ್ಲಿ ಬೆಂಡ್ ಕೊಡದೆ ಬಿಗಿಯಾಗಿ ಕ್ಲಾಂಪ್ ಹಾಕಿದರೆ ಜಾಯಿಂಟಿಗೆ ಏಟು.

ಇಷ್ಟೆಲ್ಲ ಲೆಕ್ಕ ಹಾಕಿದ ನಾವು ಒಂದನ್ನು ಮರೆತೇಬಿಟ್ಟಿದ್ದೆವು. ಕೆಲಸ ನೋಡೋಕೆ ಬಂದ ಎಲೆಕ್ಟ್ರಿಕಲ್ ಬ್ರಾಂಚಿನ ಗೆಳತಿ ಕೇಳಿದಳು, "ಈ ಹಸಿರು ವೈರು ಎಲ್ಲಿಗೆ ಹೋಗುತ್ತೆ?" ಗೀಸರಿನ ಅರ್ಥ್ ವೈರನ್ನು ಯಾರೋ ಯಾವತ್ತೋ ನೀರಿನ ಪೈಪಿಗೇ ಸುತ್ತಿದ್ದರು! ಹಳೇ ಮನೆಗಳಲ್ಲಿ ಹೀಗೆ ಮಾಡಿರೋದುಂಟು. ಕಬ್ಬಿಣ ಹೋಗಿ ಪ್ಲಾಸ್ಟಿಕ್ ಬಂದರೆ ಆ ದಾರಿ ಕಡಿದುಹೋಗುತ್ತೆ. ಗೀಸರ್ ಎಂದಿನಂತೆ ನೀರು ಕಾಯಿಸುತ್ತಲೇ ಇರುತ್ತೆ, ಗೊತ್ತೇ ಆಗಲ್ಲ. ಎಲಿಮೆಂಟ್ ಕೆಟ್ಟ ದಿನ ಒದ್ದೆ ಕೈಯಲ್ಲಿ ಗೀಸರ್ ಮುಟ್ಟಿದವರ ಮೈಯೇ ಅರ್ಥ್.

ಕೆಲಸ ಎರಡು ದಿನ ನಿಂತಿತು. ಬೇರೆ ಅರ್ಥ್ ಪಿಟ್ ತೋಡಿಸಿ, ವೈರು ಎಳೆಸಿ, 30 ಮಿಲಿಆಂಪಿಯರ್ ಆರ್‌ಸಿಸಿಬಿ ಹಾಕಿಸಿದ ಮೇಲೇ ಗೀಸರ್ ಆನ್ ಮಾಡಿದ್ದು. ಲೈನಿಗೆ ಪ್ರೆಶರ್ ಟೆಸ್ಟ್ ಆಗೋವರೆಗೆ ಗೋಡೆ ಮುಚ್ಚಲು ಬಿಡಲಿಲ್ಲ. ಮುಚ್ಚುವ ಮೊದಲು ಟೇಪು ಹಿಡಿದು ಪ್ರತಿ ಗೋಡೆಯ ಫೋಟೋ ತೆಗೆದೆವು. ಮುಂದೆ ಕ್ಯಾಲೆಂಡರಿಗೆ ಮೊಳೆ ಹೊಡೆಯೋರಿಗೆ ಬೇಕಾಗುತ್ತೆ ಅಂತ ಮಾಲೀಕರಿಗೂ ಕಳಿಸಿದ್ದೇವೆ.