ಕಯಾಕ್ ಎಳೆಯಲು ಎಂಥ ಕಾರು?

ಮೀನು ಹಿಡಿಯುವ ಕಯಾಕ್ ಹಗುರವಾದ ದೋಣಿಯಲ್ಲ. ಆರ್ಕ್ಟಿಕ್ ಪ್ರದೇಶದ ಇನ್ಯುಯಿಟ್ ಬೇಟೆಗಾರರು ಸೀಲ್ ಚರ್ಮ ಬಿಗಿದು ಕಟ್ಟುತ್ತಿದ್ದ ಮೂಲ ಕಯಾಕನ್ನು ಒಬ್ಬನೇ ಎತ್ತಿಕೊಂಡು ನಡೆಯಬಹುದಿತ್ತು. ಇಂದು ಅಮೆರಿಕದ ಸರೋವರ, ಹಿನ್ನೀರುಗಳಲ್ಲಿ ಗಾಳ ಹಾಕುವವರ ಕಯಾಕಿಗೆ ದಪ್ಪ ಪಾಲಿಥೀನ್ ಒಡಲು, ಎದ್ದು ನಿಲ್ಲುವಷ್ಟು ಅಗಲ, ಕುರ್ಚಿ, ಕಾಲಲ್ಲಿ ತುಳಿಯುವ ಪೆಡಲ್, ಮೀನು ತೋರಿಸುವ ಸೋನಾರ್ ಪರದೆ, ಅದಕ್ಕೊಂದು ಬ್ಯಾಟರಿ ಎಲ್ಲವೂ ಇರುತ್ತವೆ. 12ರಿಂದ 14 ಅಡಿ ಉದ್ದದ ಇಂಥ ದೋಣಿ 40ರಿಂದ 65 ಕಿಲೋ ತೂಗುತ್ತದೆ. ಹಳೆಯ ಕಾರು ಕೈಕೊಟ್ಟು ಬದಲಿ ಹುಡುಕುವಾಗ ಈ ದೋಣಿಯನ್ನು ನೀರಿನವರೆಗೆ ಒಯ್ಯುವುದು ಹೇಗೆ ಎಂಬುದೇ ಮುಖ್ಯ ಪ್ರಶ್ನೆಯಾಗುತ್ತದೆ.

ಹೆಚ್ಚಿನವರ ಕಣ್ಣು ಮೊದಲು ಬೀಳುವುದು ಕಾರು ಎಷ್ಟು ತೂಕ ಎಳೆಯಬಲ್ಲದು ಎಂಬ ಅಂಕಿಯ ಮೇಲೆ. ಕಯಾಕ್ ಮಟ್ಟಿಗೆ ಅದು ಅಷ್ಟೇನೂ ದೊಡ್ಡ ತೊಡಕಲ್ಲ. ತಲಾ 55 ಕಿಲೋದ ಎರಡು ಕಯಾಕ್, 110 ಕಿಲೋದ ಟ್ರೇಲರ್, 30 ಕಿಲೋ ಸಾಮಾನು ಸೇರಿದರೂ ಒಟ್ಟು 250 ಕಿಲೋ. ಅಮೆರಿಕದಲ್ಲಿ ಸುಬಾರು ಫಾರೆಸ್ಟರ್‌ನ ಸಾಮಾನ್ಯ ಮಾದರಿಗೆ 680 ಕಿಲೋ, 2025ರವರೆಗಿನ ಟೊಯೋಟಾ ಆರ್‌ಎವಿ4 ಹೈಬ್ರಿಡ್‌ಗೆ 794, ಫೋರ್ಡ್ ಮ್ಯಾವರಿಕ್ ಹೈಬ್ರಿಡ್ ಪಿಕಪ್‌ನ ಸಾಮಾನ್ಯ ಮಾದರಿಗೆ 907, 2020ರಲ್ಲಿ ಬಂದ ತಲೆಮಾರಿನ ಸುಬಾರು ಔಟ್‌ಬ್ಯಾಕ್‌ನ ಟರ್ಬೊ ಇಲ್ಲದ ಮಾದರಿಗೆ 1,225 ಕಿಲೋ ಎಳೆಯಲು ತಯಾರಕರ ಅನುಮತಿ ಇದೆ. ಎರಡು ಕಯಾಕಿಗಾಗಿ ದೈತ್ಯ ಪಿಕಪ್ ಕೊಳ್ಳುವುದು ಹಣ ಪೋಲು ಮಾಡಿದಂತೆಯೇ ಸರಿ.

ಎಳೆಯುವ ಮಿತಿಯ ಈ ಅಂಕಿ ಎಂಜಿನ್ನಿನ ಬಲವೊಂದರಿಂದಲೇ ಹುಟ್ಟುವುದಲ್ಲ. 2008ರಲ್ಲಿ ಪ್ರಕಟವಾದ ಎಸ್‌ಎಇ ಜೆ2807 ಎಂಬ, ಎಳೆಯುವ ಸಾಮರ್ಥ್ಯ ನಿಗದಿಪಡಿಸುವ ಮಾನದಂಡಕ್ಕೆ ಅರಿಜೋನಾದ ಡೇವಿಸ್ ಡ್ಯಾಮ್ ಬಳಿಯ ಏರುರಸ್ತೆಯೇ ಅಳತೆಗೋಲು. ಸುಡುಬಿಸಿಲಿನಲ್ಲಿ, ಎ.ಸಿ. ಪೂರ್ತಿ ಹಾಕಿಕೊಂಡು, 18 ಕಿಲೋಮೀಟರಿಗೂ ಉದ್ದದ ಆ ಏರನ್ನು ವಾಹನ ನಿಗದಿತ ವೇಗಕ್ಕಿಂತ ಇಳಿಯದೆ ಹತ್ತಬೇಕು. ಜೊತೆಗೆ ಬ್ರೇಕ್, ಸ್ಥಿರತೆಯ ಪರೀಕ್ಷೆಗಳೂ ಇವೆ. ದೇಶ ಬದಲಾದರೆ ಅಂಕಿಯೂ ಬದಲಾಗುತ್ತದೆ. ಅಮೆರಿಕದಲ್ಲಿ 794 ಕಿಲೋ ಎನ್ನುವ ಅದೇ ಆರ್‌ಎವಿ4 ಹೈಬ್ರಿಡ್‌ನ ನಾಲ್ಕು ಚಕ್ರ ಚಾಲನೆಯ ಮಾದರಿಗೆ ಯುರೋಪಿನಲ್ಲಿ 1,650 ಕಿಲೋ! ಬ್ರೇಕ್ ಇರುವ ಟ್ರೇಲರ್ ಅಲ್ಲಿ ವಾಡಿಕೆ, ಹಿಚ್ (ಟ್ರೇಲರನ್ನು ಕಾರಿಗೆ ಸೇರಿಸುವ ಕೊಂಡಿ) ಮೇಲೆ ಬಿಡುವ ಭಾರ ಕಡಿಮೆ, ವೇಗವೂ ಕಡಿಮೆ. ಜರ್ಮನಿಯಲ್ಲಿ ಟ್ರೇಲರ್ ಕಟ್ಟಿದ ಕಾರಿಗೆ ಸಾಮಾನ್ಯ ಮಿತಿ ಗಂಟೆಗೆ 80 ಕಿಲೋಮೀಟರ್. ಹಾಗಾಗಿ ಒಂದು ದೇಶದ ಕೈಪಿಡಿಯನ್ನು ನಂಬಿ ಇನ್ನೊಂದು ದೇಶದಲ್ಲಿ ಭಾರ ಕಟ್ಟುವಂತಿಲ್ಲ.

ಹಿಚ್ ಮೇಲಿನ ಈ ಭಾರವೇ ಟ್ರೇಲರ್ ವಿಜ್ಞಾನದ ಜೀವಾಳ. ಎತ್ತಿನ ಗಾಡಿಗೆ ಹೊರೆ ಹೇರುವವರಿಗೆ ಇದು ಗೊತ್ತಿದ್ದದ್ದೇ: ಹಿಂದೆ ಭಾರವಾದರೆ ಮೂಕಿ ಮೇಲೇಳುತ್ತದೆ, ಮುಂದೆ ಭಾರವಾದರೆ ನೊಗ ಎತ್ತುಗಳ ಕತ್ತು ಜಗ್ಗುತ್ತದೆ. ಅಮೆರಿಕದ ರೂಢಿಯಲ್ಲಿ ಟ್ರೇಲರಿನ ಒಟ್ಟು ತೂಕದ 10ರಿಂದ 15 ಶೇಕಡಾ ಹಿಚ್ ಮೇಲೆ ಬೀಳಬೇಕು. 250 ಕಿಲೋಗೆ ಅದು 25ರಿಂದ 37 ಕಿಲೋ. ಇದಕ್ಕಿಂತ ಕಡಿಮೆಯಾದರೆ ಹೆದ್ದಾರಿಯಲ್ಲಿ ಟ್ರೇಲರ್ ಬಾಲ ಬೀಸತೊಡಗಬಹುದು. ಅಡ್ಡಗಾಳಿಯೋ ಪಕ್ಕದಲ್ಲಿ ಹಾದುಹೋದ ಲಾರಿಯೋ ಒಮ್ಮೆ ತಳ್ಳಿದರೆ ಸಾಕು, ಟ್ರೇಲರ್ ಎಡಬಲ ತೂಗುತ್ತದೆ. ನಿಧಾನವಾಗಿ ಹೋಗುವಾಗ ಆ ತೂಗಾಟವನ್ನು ಟೈರುಗಳ ಹಿಡಿತ ತಾನಾಗಿ ತಣಿಸುತ್ತದೆ. ವೇಗ ಏರಿದಂತೆ ಈ ತಣಿಸುವ ಗುಣ ಕುಗ್ಗುತ್ತ ಬಂದು, ಒಂದು ಮಿತಿ ದಾಟಿದ ಮೇಲೆ ಪ್ರತಿ ತೂಗಾಟವೂ ಹಿಂದಿನದಕ್ಕಿಂತ ದೊಡ್ಡದಾಗುತ್ತದೆ. ಆಗ ಸ್ಟೀರಿಂಗ್ ತಿರುಗಿಸಿ ಸರಿಪಡಿಸಹೊರಟರೆ ಕೆಡುವುದೇ ಹೆಚ್ಚು. ಆಕ್ಸಲರೇಟರ್‌ನಿಂದ ಕಾಲು ತೆಗೆದು ಸ್ಟೀರಿಂಗನ್ನು ನೇರ ಹಿಡಿಯುವುದೇ ಸರಿಯಾದ ಕ್ರಮ. ಹೇರುವ ಕ್ರಮವೂ ಮುಖ್ಯ. ಐಸ್ ತುಂಬಿದ ಡಬ್ಬವನ್ನು ಟ್ರೇಲರಿನ ಹಿಂತುದಿಯಲ್ಲಿ ಇಡುವ ಬದಲು ಅಚ್ಚಿನ ಮೇಲೋ ಸ್ವಲ್ಪ ಮುಂದೋ ಇಟ್ಟರೆ ತೂಕ ಅಷ್ಟೇ ಇದ್ದರೂ ತೂಗಾಡುವ ಜಡತ್ವ ಇಳಿಯುತ್ತದೆ.

ಹಿಚ್ ಮೇಲಿನ ಭಾರ ಕಾರು ಹೊರುವ ಹೊರೆಯ ಲೆಕ್ಕಕ್ಕೂ ಸೇರುತ್ತದೆ. ಪ್ರಯಾಣಿಕರು ಮತ್ತು ಸಾಮಾನಿನ ಒಟ್ಟು ತೂಕ ಎಷ್ಟು ಮೀರಬಾರದು ಎಂಬುದು ಅಮೆರಿಕದ ಕಾರುಗಳಲ್ಲಿ ಚಾಲಕನ ಬಾಗಿಲ ಚೌಕಟ್ಟಿಗೆ ಅಂಟಿಸಿದ ಚೀಟಿಯಲ್ಲಿರುತ್ತದೆ. ನಾಲ್ವರು ದೊಡ್ಡವರು, ಡೇರೆ, ಐಸ್ ಡಬ್ಬ ಎಲ್ಲ ಹತ್ತಿದ ಮೇಲೆ ಈ ಮಿತಿ ಎಳೆಯುವ ಮಿತಿಗಿಂತ ಬಹಳ ಮೊದಲೇ ಮುಗಿದಿರುತ್ತದೆ.

ಟ್ರೇಲರಿನ ತಾಪತ್ರಯವೇ ಬೇಡವೆಂದು ಚಾವಣಿಗೆ ಕಟ್ಟುವವರಿದ್ದಾರೆ. ಹಲವು ಕಾರುಗಳ ಚಾವಣಿಯ ಮಿತಿ ಸುಮಾರು 75 ಕಿಲೋ, ಅದರಲ್ಲಿ ಅಡ್ಡಪಟ್ಟಿಗಳ ತೂಕವೂ ಬಂತು. ಅಂದರೆ ಒಂದು ಕಯಾಕಿಗೆ ಸರಿ, ಎರಡಕ್ಕೆ ಅಲ್ಲ. ಇನ್ನು ಗಾಳಿ: ಅದರ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. 90ರಿಂದ 110 ಕಿಲೋಮೀಟರಿಗೆ ಹೋದರೆ ತಡೆ ಹತ್ತಿರ ಹತ್ತಿರ ಒಂದೂವರೆ ಪಟ್ಟು. ಚಾವಣಿಯ ಮೇಲಿನ ದೊಡ್ಡ ಪೆಟ್ಟಿಗೆಯಿಂದ ಹೆದ್ದಾರಿ ವೇಗದಲ್ಲಿ ಮೈಲೇಜ್ 10ರಿಂದ 25 ಶೇಕಡಾ ಇಳಿಯಬಹುದೆಂದು ಅಮೆರಿಕ ಸರ್ಕಾರದ ಇಂಧನ ಮಾಹಿತಿ ಹೇಳುತ್ತದೆ. ಕಯಾಕಿನ ಮೂತಿ ಚೂಪಾದ್ದರಿಂದ ನಷ್ಟ ಅಷ್ಟಾಗದಿದ್ದರೂ ಇದ್ದೇ ಇದೆ. ತಗ್ಗಾದ ಟ್ರೇಲರ್ ಕಾರಿನ ಹಿಂದಿನ ಗಾಳಿಮರೆಯಲ್ಲಿ ಸಾಗುವುದರಿಂದ ಅದಕ್ಕೆ ಈ ತಡೆ ಕಡಿಮೆ. ಇದೆಲ್ಲಕ್ಕಿಂತ ದೊಡ್ಡ ಕಷ್ಟ ಸಂಜೆಯದು. ದಿನವಿಡೀ ಪೆಡಲ್ ತುಳಿದು ದಣಿದವರು 50 ಕಿಲೋದ ಒದ್ದೆ ದೋಣಿಯನ್ನು ತಲೆಗಿಂತ ಎತ್ತರಕ್ಕೆ ಏರಿಸಬೇಕು. ಈ ಲೆಕ್ಕದಲ್ಲಿ ಎತ್ತರದ ಎಸ್‌ಯುವಿಗಿಂತ ತಗ್ಗಾದ ಸ್ಟೇಷನ್ ವ್ಯಾಗನ್ ಮೇಲು.

ಪಿಕಪ್ಪಿನ ಹಿಂಬದಿಯಲ್ಲೇ ಹಾಕುವುದು ಮೂರನೆಯ ದಾರಿ. ಮ್ಯಾವರಿಕ್‌ನ ತೊಟ್ಟಿ ನಾಲ್ಕೂವರೆ ಅಡಿ. ಹಿಂಬಾಗಿಲನ್ನು ಕೆಳಕ್ಕೆ ತೆರೆದು ಆಸರೆ ಕೊಟ್ಟರೂ 12 ಅಡಿಯ ಕಯಾಕ್ ಅದರಾಚೆ ಸುಮಾರು ಆರು ಅಡಿ ಹೊರಚಾಚುತ್ತದೆ. ನಾಲ್ಕು ಅಡಿ ಮೀರಿದರೆ ಬಾವುಟ ಕಟ್ಟಬೇಕೆಂಬ ನಿಯಮ ಅಮೆರಿಕದ ಹಲವು ರಾಜ್ಯಗಳಲ್ಲಿದೆ. ಹಿಚ್‌ಗೆ ಸಿಕ್ಕಿಸುವ ಆಸರೆ ಚೌಕಟ್ಟೂ ಬೇಕು.

ಕಾರಿನ ನಿಜವಾದ ಪರೀಕ್ಷೆ ನೀರಿನಂಚಿನಲ್ಲಿ. ದೋಣಿ ಇಳಿಸುವ ಕಾಂಕ್ರೀಟ್ ರ‍್ಯಾಂಪಿನ ಇಳಿಜಾರು ಸಾಮಾನ್ಯವಾಗಿ 12ರಿಂದ 15 ಶೇಕಡಾ. 1,600 ಕಿಲೋದ ಮುಂಚಕ್ರ ಚಾಲನೆಯ ಕಾರು 250 ಕಿಲೋ ಟ್ರೇಲರನ್ನು 15 ಶೇಕಡಾ ಏರಿನಲ್ಲಿ ಎಳೆಯಲು ಸುಮಾರು 280 ಕಿಲೋ ತೂಕದಷ್ಟು ಬಲ ಬೇಕು. ಸಮತಟ್ಟಿನಲ್ಲಿ ಮುಂಚಕ್ರಗಳ ಮೇಲೆ 960 ಕಿಲೋ ಇದ್ದರೆ, ಏರಿನಲ್ಲಿ ಭಾರ ಹಿಂದಕ್ಕೆ ಸರಿದು 900ರ ಆಸುಪಾಸಿಗೆ ಇಳಿಯುತ್ತದೆ. ಅಂದರೆ ಟೈರಿಗೂ ನೆಲಕ್ಕೂ ನಡುವಿನ ಘರ್ಷಣಾಂಕ ಕನಿಷ್ಠ 0.31 ಇರಬೇಕು. ಬರಿಯ ಒದ್ದೆ ಕಾಂಕ್ರೀಟಿನಲ್ಲಿ ಅದು ಧಾರಾಳವಾಗಿ ಸಿಗುತ್ತದೆ, ಪಾಚಿ ಕಟ್ಟಿದ ಕಡೆ ಸಿಗದೆ ಚಕ್ರ ಜಾರಬಹುದು. ನಾಲ್ಕೂ ಚಕ್ರಗಳಿಗೆ ಬಲ ಹೋಗುವ ಕಾರಿಗೆ 0.17 ಸಾಕು. ಕಾರಿನ ಬಲಕ್ಕಿಂತ ನಾಲ್ಕು ಚಕ್ರ ಚಾಲನೆ ಇಲ್ಲಿ ಕೆಲಸಕ್ಕೆ ಬರುತ್ತದೆ. ಕಯಾಕನ್ನು ಪುಟ್ಟ ಕೈಗಾಡಿಯ ಮೇಲೆ ನೀರಿಗೆ ತಳ್ಳಿಕೊಂಡು ಹೋಗುವವರಿಗೆ ಅದೂ ಬೇಡ.

ಟ್ರೇಲರನ್ನು ನೀರಿಗಿಳಿಸದಿರುವುದರಿಂದ ಇನ್ನೊಂದು ಲಾಭವಿದೆ. ಹೆದ್ದಾರಿಯಲ್ಲಿ ಉರುಳಿ ಬಂದ ಚಕ್ರದ ಗುಂಬ ಬಿಸಿಯಾಗಿರುತ್ತದೆ. ತಣ್ಣೀರಿನಲ್ಲಿ ಮುಳುಗಿದೊಡನೆ ಒಳಗಿನ ಗಾಳಿ ಕುಗ್ಗಿ, ಸವೆದ ಸೀಲಿನ ಸಂದಿನಿಂದ ನೀರನ್ನು ಹೀರಿಕೊಳ್ಳುತ್ತದೆ. ಗ್ರೀಸ್ ಕೆಟ್ಟು ಬೇರಿಂಗ್ ತುಕ್ಕು ಹಿಡಿಯುತ್ತದೆ. ಉಪ್ಪುನೀರಾದರೆ ಇದು ಇನ್ನೂ ಬೇಗ.

ಹಳೆಯ ಕಾರನ್ನೇ ಕೊಳ್ಳುವವರು ಹೆಸರು ನೋಡಿ ಮೋಸಹೋಗಬಾರದು. 2018ರ ಷೆವರ್ಲೆ ಈಕ್ವಿನಾಕ್ಸ್‌ನ 1.5 ಲೀಟರ್ ಎಂಜಿನ್ನಿಗೆ 680 ಕಿಲೋ ಮಿತಿಯಾದರೆ 2 ಲೀಟರಿನದಕ್ಕೆ 1,588 ಕಿಲೋವರೆಗೂ ಇದೆ. ಹಿಂದಿನ ಮಾಲೀಕ ಭಾರ ಎಳೆದಿದ್ದರೆ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಕಾದಿರುವ ಸಾಧ್ಯತೆ ಉಂಟು. ಅದರ ಎಣ್ಣೆ ಕಪ್ಪಾಗಿ ಸುಟ್ಟ ವಾಸನೆ ಹೊಡೆಯುತ್ತಿದ್ದರೆ ಆ ಕಾರು ಬೇಡ. ಟಾರ್ಚ್ ಹಿಡಿದು ಅಡಿಯಲ್ಲಿ ಹಿಚ್ಚಿನ ಬೋಲ್ಟು, ಬ್ರೇಕ್ ಕೊಳವೆಗಳನ್ನೂ ನೋಡಬೇಕು. ಟ್ರೇಲರ್ ದೀಪದ ಪ್ಲಗ್ಗಿನ ಪಿನ್ನುಗಳಲ್ಲಿ ಹಸಿರು ಕಿಲುಬು ಕಂಡರೆ ಕಾರು ಉಪ್ಪುನೀರಿನ ರ‍್ಯಾಂಪುಗಳಲ್ಲಿ ಓಡಾಡಿರಬಹುದು. ಚಾಸಿಯ ತುಕ್ಕನ್ನು ಇನ್ನಷ್ಟು ಹತ್ತಿರದಿಂದ ಪರೀಕ್ಷಿಸಿದ ಮೇಲೆಯೇ ಬೆಲೆಯ ಮಾತು.